ಇದು ನಾನಲ್ಲ ಎಂದು ತಾಯಿಯೇ ಹೇಳಿಸಿದಳು

ಗಂಗಮ್ಮ ತಾಯಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ನನ್ನ ಒಬ್ಬಳೇ ಮಗಳ ಧಾರೆ ನನಗೆ ನೆನಪಿಲ್ಲ. ಫೋಟೋದಲ್ಲಿ ನಾನಿದ್ದೇನೆ. ಹಸಿರು ರೇಷ್ಮೆ ಸೀರೆ ಉಟ್ಟು ಅವಳ ಕೈಮೇಲೆ ಹಾಲು ಎರೆಯುತ್ತಿದ್ದೇನೆ. ಆದರೂ ಆ ಆಲ್ಬಂ ತೆರೆದರೆ ಯಾರದೋ ಮನೆಯ ಮದುವೆ ನೋಡಿದ ಹಾಗಾಗುತ್ತದೆ.

ನಾನು ಜಯಮ್ಮ. ಹುಟ್ಟಿದ್ದು ಕುಂದಲಹಳ್ಳಿ, ಸೇರಿದ್ದೂ ಅದೇ ಊರಿನ ಸೋದರಮಾವನ ಮನೆ. ಕಂಪನಿಗಳು ಬರುವ ಮೊದಲು ನಮ್ಮದು ಹೂವಿನ ತೋಟ. ಅದೆಲ್ಲ ನಿನ್ನೆ ಮೊನ್ನೆಯ ಹಾಗೆ ಕಣ್ಣಮುಂದಿದೆ. ಇಬ್ಬನಿಗೆ ಲಂಗದ ಅಂಚು ಒದ್ದೆಯಾಗುತ್ತಿದ್ದದ್ದು, ಕನಕಾಂಬರ ಬಿಡಿಸುತ್ತ ಅವ್ವ ಊರಿನವರನ್ನೆಲ್ಲ ಆಡಿಕೊಂಡು ನಗುತ್ತಿದ್ದದ್ದು, ಹೂವಿನ ಬುಟ್ಟಿ ತಲೆಮೇಲೆ ಹೊತ್ತು ವೈಟ್‌ಫೀಲ್ಡಿನ ರೈಲಿಗೆ ಓಡುತ್ತಿದ್ದದ್ದು. ಆ ತೋಟದ ಜಾಗದಲ್ಲಿ ಈಗ ನಮ್ಮದೇ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ಹಳೆಯದೊಂದೂ ಮಾಸಲಿಲ್ಲ. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ.

ಶುರುವಾದದ್ದು ಗುಡಿಯಲ್ಲೇ. ಒಂದು ಆಷಾಢ ಶುಕ್ರವಾರ ತಮಟೆ ಬಡಿಯುತ್ತಿದ್ದಾಗ ಹೊಟ್ಟೆಯೊಳಗಿಂದ ಏನೋ ಎದೆಗೆ ಏರಿದ ಹಾಗಾಯಿತು. ಸೀದ ರಾಗಿಯ ವಾಸನೆ ಬಂತು. ಆಮೇಲೆ ಏನೂ ಗೊತ್ತಿಲ್ಲ. ಎಚ್ಚರವಾದಾಗ ಹಣೆತುಂಬ ಕುಂಕುಮ, ಮಡಿಲಲ್ಲಿ ನಿಂಬೆಹಣ್ಣು. ಕಣ್ಣು ನೆಟ್ಟು ಕೂತಿದ್ದೆನಂತೆ, ಬಾಯಿ ಏನನ್ನೋ ಮೆಲ್ಲುತ್ತಿತ್ತಂತೆ, ಕೈ ಸೆರಗನ್ನು ಎಳೆದೆಳೆದು ಹಿಂಡುತ್ತಿತ್ತಂತೆ.

"ಜಯಮ್ಮನ್ ಮೇಲೆ ಅಮ್ಮ ಬಂದವ್ಳೆ!" ಎಂದು ಊರೇ ಕೈಮುಗಿಯಿತು.

ಸುಳ್ಳು ಹೇಳುವುದಿಲ್ಲ, ನನಗೆ ಹೆಮ್ಮೆಯಾಯಿತು. ನನ್ನ ಯಜಮಾನರು ಮುನಿರಾಜು ಅವರೂ ಅಂದಿನಿಂದ ನನ್ನನ್ನು ಏಕವಚನದಲ್ಲಿ ಕರೆಯಲಿಲ್ಲ. ಆದರೆ ಅಮ್ಮ ಗುಡಿಯಲ್ಲಷ್ಟೇ ಬರುತ್ತಿರಲಿಲ್ಲ. ಹಾಲು ಕಾಯಿಸುವಾಗ ಬಂದಳು, ರಸ್ತೆ ದಾಟುವಾಗ ಬಂದಳು. ಒಂದೆರಡು ವರ್ಷದಲ್ಲಿ ಬಾಡಿಗೆದಾರರ ಹೆಸರುಗಳು ಮರೆತುಹೋದವು. ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ಇಲ್ಲ. 'ಸೌಟು' ಎನ್ನುವ ಮಾತು ಬಾಯಿಗೆ ಬಾರದೆ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ. ಮಗಳ ಧಾರೆಯ ನೆನಪು ಹೋದದ್ದೂ ಆ ದಿನಗಳಲ್ಲೇ. ಅವಳು ಬಾಣಂತನಕ್ಕೆ ಬಂದಾಗ ಮಗು ಎತ್ತಿಕೊಳ್ಳಲು ಕೈಚಾಚಿದೆ. ಅವಳು ಕೊಡಲಿಲ್ಲ. "ಅಮ್ಮ, ಕೂತ್ಕೊ ಮೊದ್ಲು. ಕೆಳಕ್ಕೆ ಬಿಟ್ಬಿಟ್ರೆ?" ಎಂದಳು. ತಪ್ಪು ಅವಳದಲ್ಲ.

ಅಂದು ದೇವರಮನೆಯ ಬಾಗಿಲು ಹಾಕಿಕೊಂಡು ಕೇಳಿದೆ: "ತಾಯೀ, ಬರ್ತಿರೋದು ನೀನಾದ್ರೆ ಬಾ, ನನ್ನನ್ನೇ ತಗೊ. ನೀನಲ್ದೆ ಹೋದ್ರೆ, ಅಲ್ಲ ಅಂತ ಯಾರ ಬಾಯಲ್ಲಾದ್ರೂ ಹೇಳ್ಸು."

ಎರಡನೇ ವಾರ ಗುಡಿಯಲ್ಲಿ ನೆಲಕ್ಕೆ ಬಿದ್ದೆ. ಹಿಂದೆಂದೂ ಹಾಗಾಗಿರಲಿಲ್ಲ. ಕೈಕಾಲು ಸೆಟೆದು ಒದ್ದಾಡಿದೆನಂತೆ, ನಾಲಿಗೆ ಕಚ್ಚಿ ರಕ್ತ ಬಂತಂತೆ. ಜನ ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಅವರನ್ನು ತಡೆದವರು ಗುಡಿಯ ಪೂಜಾರಮ್ಮ ಅಕ್ಕಯ್ಯಮ್ಮ. ನಾನು ಹುಟ್ಟುವ ಮೊದಲಿನಿಂದಲೂ ಅವರ ಮೈಮೇಲೆ ಅಮ್ಮ ಬರುವುದು.

"ಇಂದಕ್ಕೆ ಓಗ್ರೋ ಎಲ್ಲ! ಬಾಯಿಗೆ ಏನೂ ತುರುಕ್ಬ್ಯಾಡಿ" ಎಂದು ಗದರಿ, ನನ್ನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರಂತೆ. ಒದ್ದಾಟ ನಿಂತ ಮೇಲೆ ನನ್ನ ಯಜಮಾನರನ್ನು ಕರೆದು ಹೇಳಿದರಂತೆ: "ಮುನಿರಾಜ, ಇದು ಅಮ್ಮ ಅಲ್ಲ ಕಣಪ್ಪ. ಅಮ್ಮ ಬಂದೋದ್ರೆ ನನ್ ಮೈ ಅಗುರಾಯ್ತದೆ. ಇವ್ಳು ಒಂದೊಂದ್ ಸಲಕ್ಕೂ ಒಂದೊಂದ್ ಇಡಿ ನೆಪ್ಪು ಕಳ್ಕತಾವ್ಳೆ. ಆಸ್ಪತ್ರೆಗೆ ಕರ್ಕೊಂಡೋಗು."

"ಇಷ್ಟು ದಿನ ಜನ ಕೈಮುಗಿದ್ರಲ್ಲ, ಪೂಜಾರಮ್ಮ?"

"ನಾನೂ ಮುಗ್ದೆ. ತಪ್ಪಾಯ್ತು. ಅಮ್ಮನ್ನ ನಾನು ಕೇಳ್ಕತೀನಿ, ನೀನು ನಡಿ."

ಮಾರನೆಯ ಬೆಳಿಗ್ಗೆ ಮೂವರೂ ಕುಂದಲಹಳ್ಳಿ ಗೇಟಿನಲ್ಲಿ ಬಸ್ ಹತ್ತಿದೆವು. ಅಕ್ಕಯ್ಯಮ್ಮ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆ, ದೊಡ್ಡ ಸಾಲು. ತಲೆಗೆಲ್ಲ ಅಂಟು ಹಚ್ಚಿ ವೈರು ಸಿಕ್ಕಿಸಿದರು. ಇನ್ನೊಂದು ದಿನ ಸ್ಕ್ಯಾನ್ ಮಾಡಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಚಿತ್ರ ತೋರಿಸಿ ಕೇಳಿದರು: "ಚಿಕ್ಕೋರಿದ್ದಾಗ ಜ್ವರ ಬಂದು ಫಿಟ್ಸ್ ಆಗಿತ್ತಾ?"

"ಎರಡು ವರ್ಷದವಳಿದ್ದಾಗ ಜ್ವರದಲ್ಲಿ ತುಂಬ ಹೊತ್ತು ಒದ್ದಾಡಿದ್ಳಂತೆ ಮೇಡಂ. ನಮ್ಮಮ್ಮ ಹೇಳ್ತಿದ್ರು" ಎಂದರು ನನ್ನ ಯಜಮಾನರು.

ಕಿವಿಯ ಒಳಬದಿಗೆ, ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಜಾಗ ಒಂದಿದೆಯಂತೆ. ನನಗೆ ಅಲ್ಲೇ ಹಳೇ ಗಾಯದ ಕಲೆ. ಅಲ್ಲಿಂದ ಕಿಡಿ ಎದ್ದಾಗಲೆಲ್ಲ ನಾನು ಇಲ್ಲವಾಗುತ್ತೇನೆ. ಆ ವಾಸನೆ, ಆ ಮೆಲ್ಲುವುದು, ಸೆರಗು ಹಿಂಡುವುದು, ಎಲ್ಲ ಅದರದೇ ಕೆಲಸ.

"ಹೋದ ನೆನಪು ವಾಪಸ್ ಬರುತ್ತಾ?" ಎಂದು ಕೇಳಿದೆ.

"ಅದನ್ನ ಹೇಳೋಕಾಗಲ್ಲಮ್ಮ. ಇನ್ಮೇಲೆ ಹೋಗದ ಹಾಗೆ ನೋಡ್ಕೊಳ್ಳೋಣ. ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ."

ಮೊದಲ ಮಾತ್ರೆ ಹಿಡಿಸಲಿಲ್ಲ. ತಲೆ ಸುತ್ತಿ ಗೋಡೆ ಹಿಡಿದು ಓಡಾಡಿದೆ, ಫಿಟ್ಸೂ ನಿಲ್ಲಲಿಲ್ಲ. ಬಿಟ್ಟುಬಿಡುತ್ತೇನೆಂದು ಹಟ ಹಿಡಿದಾಗ ಅಕ್ಕಯ್ಯಮ್ಮ ಮಾತ್ರೆಯನ್ನು ತಾಯಿಯ ಪಾದದ ಬಳಿ ಇಟ್ಟು ತೆಗೆದು, "ಪ್ರಸಾದ ಅನ್ಕೊಂಡು ನುಂಗು" ಎಂದರು. ಡಾಕ್ಟರಮ್ಮ ಮದ್ದು ಬದಲಾಯಿಸಿದರು. ತಿಂಗಳಿಗೆ ಆರೇಳು ಸಲ ಬರುತ್ತಿದ್ದದ್ದು ಎರಡಕ್ಕಿಳಿಯಿತು, ಆಮೇಲೆ ನಿಂತೇಹೋಯಿತು. ಈಗ ನಾಲ್ಕನೇ ವರ್ಷ. ನನ್ನ ಮೈಮೇಲೆ ಬರುವುದು ಅಮ್ಮನೇ ಎಂದು ಅಪ್ಪಣೆ ಕೇಳಲು ಬರುತ್ತಿದ್ದವರು ಗುಡಿ ಬಿಟ್ಟು ಬೇರೆ ಕಡೆ ಹೋದರು. ಅಕ್ಕಯ್ಯಮ್ಮ ಅದಕ್ಕೆ ಒಂದು ದಿನವೂ ಬೇಸರಪಡಲಿಲ್ಲ.

ಧಾರೆಯ ದಿನ ನೆನಪಿಗೆ ಬರಲಿಲ್ಲ. ಮಗಳು ಎಷ್ಟು ಸಲ ವಿವರಿಸಿ ಹೇಳಿದರೂ ಬರಲಿಲ್ಲ. ಅದನ್ನು ತಾಯಿಗೇ ಬಿಟ್ಟಿದ್ದೇನೆ.

ಫಿಟ್ಸ್ ನಿಂತ ವರ್ಷದ ಆಷಾಢದಲ್ಲಿ ಭಯದಿಂದಲೇ ಗುಡಿಗೆ ಹೋದೆ. ತಮಟೆ ಬಡಿದರು, ಜನ ಕಿಕ್ಕಿರಿದರು. ಯಾವ ವಾಸನೆಯೂ ಬರಲಿಲ್ಲ, ಕರ್ಪೂರದ್ದೊಂದು ಬಿಟ್ಟು. ಅದು ಹತ್ತಿಕೊಂಡದ್ದನ್ನು ನೋಡಿದೆ, ತಾಯಿಯ ಮೂಗುತಿ ಮಿನುಗಿದ್ದನ್ನು ನೋಡಿದೆ, ಉರಿ ಸಣ್ಣಗಾಗಿ ಆರಿದ್ದನ್ನೂ ನೋಡಿದೆ. ಎಷ್ಟೋ ವರ್ಷದ ಮೇಲೆ ಒಂದು ಪೂಜೆಯನ್ನು ಮೊದಲಿನಿಂದ ಕೊನೆಯವರೆಗೆ ಕಂಡೆ. ಇವತ್ತಿಗೂ ಅದರಲ್ಲಿ ಒಂದು ಚೂರೂ ಕಳೆದಿಲ್ಲ.