ಮರದ ಮೇಲಿರದ ಹಕ್ಕಿ

ಸೊಲ್ಲಾಪುರದ ಕೆರೆದಂಡೆಯ ಉದ್ಯಾನದಲ್ಲಿ ನನ್ನ ತಪ್ಪದ ಬೆಳಗಿನ ಸುತ್ತು ಅರ್ಧ ಮುಗಿದಿತ್ತು. ಕಿವಿ ಮುಟ್ಟಿಕೊಂಡೆ, ಶ್ರವಣಯಂತ್ರ ಇರಲಿಲ್ಲ! ಅದಿಲ್ಲದೆ ಫೋನಿನಲ್ಲಿ ಯಾರ ಮಾತೂ ನನಗೆ ಕೇಳಿಸದು. ಅಕ್ಕಲಕೋಟದಿಂದ ಬಂದಿದ್ದ ತಂಗಿಯೊಡನೆ ನಡೆದ ದಾರಿಯಲ್ಲೇ ಹುಡುಕುತ್ತ ಹಿಂದಿರುಗಿದೆ. ಬೇವಿನ ಮರದಡಿ ಅವಳು ತಟ್ಟನೆ ನಿಂತು, ನನ್ನ ಕಿವಿಗೆ ಬಾಯಿಟ್ಟು ಕೂಗಿದಳು:

"ಅಣ್ಣಾ, ಇದ್ಯಾವ ಹಕ್ಕಿ? ಒಂದ ಸವನ ಕುಂಯ್ ಅನ್ನಾಕತ್ತೈತಿ, ಮ್ಯಾಲ ನೋಡಿದ್ರ ಕಾಣವಲ್ದು!"

ಕಿವಿಯಿಂದ ಕಳಚಿದಾಗ ಸಿಳ್ಳೆ ಹಾಕುವುದು ನನ್ನ ಯಂತ್ರದ ಚಾಳಿ. "ಮ್ಯಾಲಲ್ಲವ್ವಾ, ಕೆಳಗ ನೋಡು" ಎಂದೆ. ಒಣಗಿದ ಎಲೆಗಳಡಿಯಿಂದ ಅದನ್ನು ಹೆಕ್ಕಿ ಕೊಟ್ಟಳು. ತೊಟ್ಟುಕೊಂಡಾಗ ಮೊದಲು ಕೇಳಿಸಿದ್ದು ಅವಳ ನಗು. ಹೋದ ಜೀವ ಬಂದಂತಾಯಿತು.

ಈಗ ಯಂತ್ರಕ್ಕೆ ದಾರ ಕಟ್ಟಿ ಅಂಗಿಗೆ ಸಿಕ್ಕಿಸಿಯೇ ನಡೆಯಲು ಹೊರಡುತ್ತೇನೆ. ಆದರೂ ತಂಗಿ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು ಒಂದೇ: "ಹಕ್ಕಿ ಗೂಡಿನಾಗ ಐತೇನು?"