ತೂಬಿಗೆ ತುರುಕಿದ ಚೀಲಗಳು

ಆಗೆಲ್ಲ ಬಾಳೂರಿನ ನಮ್ಮ ಕಡೆ ಒಬ್ಬರ ಮನೆಯ ಕಡುಬು ಇನ್ನೊಬ್ಬರ ಮನೆಗೆ ಹೋಗದೆ ಮಳೆಗಾಲ ಕಳೆಯುತ್ತಿರಲಿಲ್ಲ. ಆದರೆ ಹಳ್ಳಕ್ಕೆ ಸರ್ಕಾರದವರು ಮಣ್ಣಿನ ಒಡ್ಡು ಕಟ್ಟಿದ ಮೇಲೆ ಯಾರಿಗೂ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ.

ಒಡ್ಡು ಕಟ್ಟಿದ್ದು ನೆರೆ ತಡೆಯಲು. ಮಳೆಗಾಲ ಪೂರ್ತಿ ನೀರು ಹೊರಹೋಗುವ ತೂಬು ತೆರೆದೇ ಇರಬೇಕು, ಒಡ್ಡು ಖಾಲಿ ಇದ್ದರೇ ದೊಡ್ಡ ನೀರು ಬಂದಾಗ ಹಿಡಿಯಲು ಜಾಗ ಎಂದು ಇಂಜಿನಿಯರು ಹೇಳಿ ಹೋಗಿದ್ದರು. ತೋಟದವರಿಗೆ ಇದು ಹೊಟ್ಟೆ ಉರಿಸುವ ಮಾತು. ಬೇಸಿಗೆಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ನೀರಿಲ್ಲದೆ ಒದ್ದಾಡುವವರು, ಕಣ್ಣೆದುರೇ ಇಷ್ಟು ನೀರು ಹೊಳೆ ಸೇರುವುದನ್ನು ನೋಡಿಕೊಂಡು ಸುಮ್ಮನಿರಬೇಕಿತ್ತು.

ಒಡ್ಡಿನ ಕೆಳಗೇ ಅಪ್ಪನ ತಂಗಿ ಲಲಿತತ್ತೆಯ ಮನೆ. ಯಾರಾದರೂ ನೀರು ನಿಲ್ಲಿಸಲು ತೂಬು ಮುಚ್ಚಿದರೆ ಒಡ್ಡು ಒಡೆದೀತೆಂದು ಅವರ ಕಣ್ಣು ಯಾವಾಗಲೂ ಅದರ ಮೇಲೆ. ಅಡಿಕೆ ಹಾಳೆಯ ಮೇಲೆ ಕೂತು ಒಡ್ಡಿನ ಹುಲ್ಲಿನಲ್ಲಿ ಜಾರುತ್ತಿದ್ದ ನಮ್ಮನ್ನೂ ಬಿಡುತ್ತಿರಲಿಲ್ಲ. ಹುಲ್ಲು ಕಿತ್ತುಬಂದರೆ ಮಣ್ಣು ಸಡಿಲವಾಗುತ್ತದೆ, ನಿಮ್ಮನ್ನು ಕಳಿಸಿದ್ದು ಯಾರು ಎಂದು ವಿಚಾರಿಸುತ್ತಿದ್ದರು. ಜಾರಾಟಕ್ಕೂ ಯಾರಾದರೂ ಕಳಿಸುತ್ತಾರೆಯೇ?

ಆ ವರ್ಷ ಮಳೆ ಮುಗಿಯಿತು ಅಂದುಕೊಂಡ ಮೇಲೆ ಮತ್ತೆ ಜೋರಾಗಿ ಹಿಡಿಯಿತು. ಒಂದು ಬೆಳಿಗ್ಗೆ ಲಲಿತತ್ತೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು, ಇಷ್ಟು ಮಳೆಗೂ ತಮ್ಮ ಮನೆ ಮುಂದಿನ ಹಳ್ಳ ಸಣ್ಣಗೆ ಹರಿಯುತ್ತಿದೆ, ಯಾರೋ ತೂಬು ಮುಚ್ಚಿದ್ದಾರೆ ಎಂದರು. ಅಪ್ಪ ಎಲೆಯಡಿಕೆ ಮಡಿಸುತ್ತಾ, ಮೇಲಿನ ತೋಟದ ಗುಂಡಪ್ಪನದೇ ಕೆಲಸವಿರಬೇಕು ಅಂದರು.

ಎಲ್ಲರೂ ಒಡ್ಡಿಗೆ ಓಡಿದೆವು. ಒಳಗೆ ನೀರು ಏರಿತ್ತು. ಹೊರಗೆ ಒಡ್ಡಿನ ಬುಡದಲ್ಲಿ ಮಣ್ಣು ಕರಗಿಸಿಕೊಂಡು ಕೆಂಪು ನೀರು ಒಸರುತ್ತಿತ್ತು. ಸುದ್ದಿ ಕೇಳಿ ಬಂದ ಗುಂಡಪ್ಪನವರೇ ಉದ್ದನೆಯ ಬಿದಿರು ದೋಟಿಗೆ ಕೊಕ್ಕೆ ಕಟ್ಟಿ, ದಡದಲ್ಲಿ ನಿಂತು ತೂಬಿನ ಬಾಯಿಂದ ಚೀಲ ಎಳೆದರು. ನಮ್ಮಲ್ಲಿ ಪ್ರತಿ ಮನೆಯವರೂ ಕಾಫಿ ಚೀಲಕ್ಕೆ ಬಣ್ಣದ ಗುರುತು ಹಾಕುತ್ತಿದ್ದರು. ಮೊದಲು ಬಂದದ್ದು ಗುಂಡಪ್ಪನವರದೇ ಹಸಿರು ಗೀಟಿನ ಚೀಲ. ಅಪ್ಪನ ಮುಖ ಅರಳುವಷ್ಟರಲ್ಲಿ ಇನ್ನೊಂದು ಬಂತು. ಅದರ ಮೇಲೆ ಅಮ್ಮ ಬರೆದ ಕೆಂಪು ಉಂಗುರ.

ಅತ್ತೆ ಅಪ್ಪನನ್ನೇ ನೋಡಿದರು. “ಅಣ್ಣಯ್ಯ, ಊರಲ್ಲಿ ಎಲ್ರ ಮೇಲೂ ಅನುಮಾನ ಪಟ್ಟಿದ್ದೆ. ನಿನ್ನೊಬ್ಬನ ಮೇಲೆ ಪಟ್ಟಿರ್ಲಿಲ್ಲ.”

“ಮಳೆ ಮುಗೀತು ಅಂದ್ಕೊಂಡೆ ಕಣೇ,” ಅಂದರು ಅಪ್ಪ.

“ಕೆಳಗೆ ನಾವಿದೀವಿ ಅಂತ ನೆನಪಾಗ್ಲಿಲ್ವಾ?”

ಚೀಲ ತೆಗೆದ ಮೇಲೆ ನೀರು ಇಳಿದು ಒಡ್ಡು ಉಳಿಯಿತು. ಅತ್ತೆಯ ಮನೆಯ ಕಡುಬು ಬರುವುದು ನಿಂತಿತು. ನನಗೆ ಅಪ್ಪನ ಮೇಲೆ ತುಂಬಾ ದಿನ ಸಿಟ್ಟಿತ್ತು. ಅಂದಿನಿಂದ ಅಪ್ಪ ಗುಂಡಪ್ಪನವರನ್ನು ಕಾಯಲು, ಗುಂಡಪ್ಪನವರು ಅಪ್ಪನನ್ನು ಕಾಯಲು, ಅತ್ತೆ ಇಬ್ಬರನ್ನೂ ಕಾಯಲು ದಿನಾ ಬೆಳಿಗ್ಗೆ ಒಡ್ಡು ಸುತ್ತುತ್ತಿದ್ದರು. ಮಾತಿಲ್ಲ, ಕತೆಯಿಲ್ಲ.

ಈಗ ಅವರು ಮೂವರೂ ಇಲ್ಲ. ಅತ್ತೆಯ ಮಗ ಹೆಂಡತಿ ಮಕ್ಕಳೊಂದಿಗೆ ಅದೇ ಮನೆಯಲ್ಲಿದ್ದಾನೆ. ಹೋದ ಮಳೆಗಾಲ ಊರಿಗೆ ಹೋದಾಗ ಒಡ್ಡು ಹತ್ತಿದೆ. ಅವರು ನಡೆದು ಮೂಡಿಸಿದ್ದ ಕಾಲುದಾರಿ ಕಾಣದಷ್ಟು ಪೊದೆ ಬೆಳೆದಿತ್ತು. ಬುಡದಲ್ಲಿ ನೀರು ಒಸರಿದರೂ ತಿಳಿಯುವಂತಿರಲಿಲ್ಲ. ಒಬ್ಬರನ್ನೊಬ್ಬರು ನಂಬದ ಕಾಲದಲ್ಲಿ ಅದನ್ನು ನೋಡುವವರಾದರೂ ಇದ್ದರು.

ತೂಬಿನ ಕಡೆ ಹೋಗಿ ನೋಡುತ್ತೀಯೇನೋ ಎಂದು ಅತ್ತೆಯ ಮಗನನ್ನು ಕೇಳಿದೆ.

“ಕ್ಯಾಮೆರಾ ಹಾಕಿದಾರಲ್ಲಕ್ಕ, ಅವ್ರು ನೋಡ್ತಾರೆ,” ಅಂದ.

ಅವರು ಅಂದರೆ ಯಾರು ಎಂದೆ. ಅವನಿಗೂ ಗೊತ್ತಿರಲಿಲ್ಲ.