ಕುಣಿದು ಗಟ್ಟಿಯಾಗುವ ನೆಲ

ಅಜೆನೋರಕ್ಕ ಹಾಡೆತ್ತಿದರೆ ಆರೆ ಬೆಟ್ಟವೇ ಎದ್ದು ಕುಣಿಯುತ್ತದೆ. ಈ ಬ್ರಿಟನಿ ಸೀಮೆಯ ಬೆಟ್ಟಗಳೆಲ್ಲ ಇಷ್ಟು ಕುಳ್ಳಗಿರುವುದು ಅವಳ ಹಾಡಿಗೆ ಕುಣಿಕುಣಿದು ಸವೆದೇ! ನಂಬದವರು ಮೊನ್ನೆ ಶನಿವಾರ ಕೇರಿವೋಲ್ ಊರಿಗೆ ಬರಬೇಕಿತ್ತು. ಒಂದೇ ಅಡುಗೆಮನೆಯಲ್ಲಿ ನಾಲ್ಕು ಸಾವಿರ ಜನ ಕುಣಿದರು.

ಬೆಳಗಿನ ಐದೂವರೆ. ಅರವತ್ತೆಂಟರ ಅಜೆನೋರಕ್ಕ ಜೇಡಿಮಣ್ಣಿಗೆ ಮರಳು, ಕತ್ತರಿಸಿದ ಹುಲ್ಲು ಸೇರಿಸಿ ಕಲಸುತ್ತಿದ್ದಾಳೆ. ತೊಂಬತ್ತೊಂದರ ಕಟೆಲಜ್ಜಿಯ ಅಡುಗೆಮನೆಗೆ ಹೊಸ ನೆಲ. ಅಕ್ಕ ಹಾಸುವುದಷ್ಟೇ, ಗಟ್ಟಿ ಮಾಡುವುದು ನೆರೆಹೊರೆಯವರ ಕಾಲು. ಮರದ ಪಾದುಕೆ ತೊಟ್ಟು, ಕೈಕೈ ಹಿಡಿದು ಕುಣಿಯಬೇಕು.

"ಮಧ್ಯಾಹ್ನದೊಳಗೆ ತುಳೀದಿದ್ರೆ ಬಿರುಕು ಬಿಡುತ್ತೆ," ಎನ್ನುತ್ತಾಳೆ ಅಕ್ಕ. ಬಿರುಕು ಬಿಟ್ಟರೆ ಸೋಮವಾರವೇ ಸಿಮೆಂಟು ಹಾಕಿಸುತ್ತೇನೆಂದು ಅಜ್ಜಿಯ ಮಗ ಆಗಲೇ ಹೇಳಿದ್ದಾನೆ. "ನನ್ನ ಕಾಲಿಗೆ ಈ ಮಣ್ಣೇ ಗೊತ್ತು ಕಣೇ," ಎಂದು ಅಜ್ಜಿ ಹೊಸ್ತಿಲಲ್ಲಿ ಕೂತು ಗೊಣಗುತ್ತಾಳೆ.

ಅಕ್ಕನಿಗೆ ಕೆಲಸ ಕಲಿಸಿದ್ದು ಅಪ್ಪ. ಫ್ರೆಂಚ್ ಬಿಟ್ಟು ಮನೆಮಾತು ಬ್ರೆಟನ್ ಆಡಿದ್ದಕ್ಕೆ ಶಾಲೆಯಲ್ಲಿ ಅವನ ಕೊರಳಿಗೆ ಮರದ ಪಾದುಕೆ ನೇತುಹಾಕಿದ್ದರಂತೆ. "ಕೊರಳಿಗೆ ಕಟ್ಟಿದ್ದನ್ನ ಅಪ್ಪ ಕಾಲಿಗೆ ಹಾಕ್ಕೊಂಡ. ಅದ್ರಲ್ಲೇ ಊರ ಮನೆಗಳ ನೆಲವೆಲ್ಲ ತುಳಿದ," ಎಂದು ನಗುತ್ತಾಳೆ. ಮೂವತ್ತೊಂದು ವರ್ಷದಲ್ಲಿ ಅವಳು ಹಾಸಿದ್ದು ಎಂಬತ್ತಾರು ನೆಲ. ಮಂಡಿ ಹೋಗಿದೆ, ಈಗ ಕುಣಿಯಲಾರಳು, ಹಾಡಬಲ್ಲಳು.

ಒಂಬತ್ತಾಯಿತು. ಬಂದದ್ದು ಇಬ್ಬರೇ. ಹೊರಗೆ ಒಣಗಾಳಿ. ಆದರೂ ಅಕ್ಕ ಹಾಡಿನ ಸಾಲೆತ್ತುತ್ತಾಳೆ. ಸಾಲಿನ ತುದಿಯನ್ನು ಇನ್ನೊಬ್ಬರು ಹಿಡಿದು ತಿರುಗಿ ಹಾಡಬೇಕು, ಹಿಡಿಯುವವರಿಲ್ಲ. ಎರಡನೇ ಸಲ ಹಾಡಿದಾಗ ಹೊಸ್ತಿಲಿನಿಂದ ಒಡಕು ದನಿಯೊಂದು ಸಾಲು ಹಿಡಿಯುತ್ತದೆ. ಗಂಡ ಸತ್ತಮೇಲೆ ಹಾಡೇ ಬಿಟ್ಟಿದ್ದ ಕಟೆಲಜ್ಜಿ! ಆ ದನಿ ಕೇಳಿ ಅಂಗಡಿಯವ ಬಾಗಿಲೆಳೆದು ಬರುತ್ತಾನೆ, ಟಪಾಲಿನವಳು ಸೈಕಲ್ ಒರಗಿಸುತ್ತಾಳೆ. ಕೊನೆಗೆ ಮಗನೂ ಪಾದುಕೆ ಹುಡುಕುತ್ತಾನೆ. ನೆಲ ಧಿಮಿಧಿಮಿ.

ಇಷ್ಟು ಬರೆದು ಅದೇ ಅಡುಗೆಮನೆಯಲ್ಲಿ ಅಕ್ಕನಿಗೆ ಓದಿ ಹೇಳಿದ್ದೇ ತಪ್ಪಾಯಿತು.

"ಏನೋ ಪೇಪರಿನೋನೇ, ನಾಲ್ಕು ಸಾವಿರವಾ? ಹನ್ನೊಂದು ಜನ ಕಣೋ."

"ಹನ್ನೆರಡು ಅಕ್ಕಾ. ನಾನೂ ಕುಣಿದೆನಲ್ಲ?"

ಅವಳು ಸೇಬಿನ ಕಳ್ಳಿನ ಪೀಪಾಯಿಯ ಪಕ್ಕದ ನೆಲ ತೋರಿಸಿದಳು. ಅಲ್ಲಿ ಎರಡೇ ಹೆಜ್ಜೆ, ಆಳವಾಗಿ, ಒಂಚೂರೂ ಕದಲದೆ ಒತ್ತಿಕೊಂಡಿದ್ದವು. ನನ್ನವೇ.

ಒಪ್ಪಿಕೊಂಡೆ. ಕುಣಿದವರು ಹನ್ನೊಂದೇ ಜನ. ನಾನು ಬೆಳಗಿನಿಂದ ಲೋಟ ಹಿಡಿದು ನಿಂತಲ್ಲೇ ನಿಂತಿದ್ದೆ.

"ಅಳಿಸಿಬಿಡಕ್ಕಾ."

"ಇರ್ಲಿ ಬಿಡೋ, ನೀನು ಬಂದಿದ್ದಕ್ಕೆ ಗುರುತು," ಎಂದು ಅಕ್ಕ ನೆಲದ ಮೇಲೆ ಅಂಗೈ ಆಡಿಸಿದಳು. "ನೋಡು, ಎಲ್ಲೂ ಒಂದು ಬಿರುಕಿಲ್ಲ."